ಡ್ರಾಯಿಂಗ್ ಮೇಷ್ಟ್ರುಗಳ ಲಂಡನ್ ಕ್ಲಾಸು

ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಹೆಡ್‌ಮಾಸ್ಟರಿಗೆ ನೆನಪಾಗುವುದು ವರ್ಷಕ್ಕೆ ಎರಡು ಸಲ. ಆಗಸ್ಟ್ 14ರ ಸಂಜೆ ಒಮ್ಮೆ, ಜನವರಿ 25ರ ಸಂಜೆ ಇನ್ನೊಮ್ಮೆ. ಬೆಳಗಾಗುವುದರೊಳಗೆ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಧ್ವಜ ಹಾರಬೇಕು, ಗಾಂಧೀಜಿ ನಗಬೇಕು, ಕೆಳಗೆ ದಪ್ಪಕ್ಷರದಲ್ಲಿ ಸುಸ್ವಾಗತ ಇರಬೇಕು. ನಡುವೆ ಯಾರಾದರೂ ನಿವೃತ್ತರಾದರೆ ಸನ್ಮಾನಪತ್ರ, ಸಹೋದ್ಯೋಗಿಯ ಮಗಳ ಮದುವೆ ಕೂಡಿಬಂದರೆ ಥರ್ಮೋಕೋಲಿನಲ್ಲಿ ವಧೂವರರ ಹೆಸರು. ಚುನಾವಣೆ ಬಂತೆನ್ನಿ, ಮತದಾರರ ಬೆರಳಿಗೆ ಶಾಯಿ ಹಚ್ಚುವ ಕೆಲಸ. "ನಿಮ್ಮ ಕೈಯಾಗ ಕಡ್ಡಿ ಚಲೋ ಕೂಡ್ತೈತಿ ಸರ್" ಎಂಬ ಹೊಗಳಿಕೆ ಬೇರೆ. ಉಳಿದ ದಿನಗಳಲ್ಲಿ ಅವನ ಪೀರಿಯಡ್ಡು ಗಣಿತದವರ ಪಿತ್ರಾರ್ಜಿತ ಆಸ್ತಿ. ಫೆಬ್ರುವರಿ ಬಂದರೆ ಕೇಳಿ ಪಡೆಯುವ ಸೌಜನ್ಯವೂ ಹೋಗಿಬಿಡುತ್ತದೆ. ಕ್ಲಾಸಿನ ಬಾಗಿಲಿಗೆ ಬರುವ ಹೊತ್ತಿಗೆ ಬೋರ್ಡಿನ ಮೇಲೆ ತ್ರಿಕೋನಮಿತಿ ಕೂತಿರುತ್ತದೆ.

ಇಂಥ ಪ್ರಾಣಿ ಒಂದಲ್ಲ, ನಾಲ್ಕು, ಪೆನ್ಷನ್ ಆದ ಮೇಲೆ ಸ್ಕೆಚ್ ಬುಕ್ಕು ಕಂಕುಳಲ್ಲಿಟ್ಟುಕೊಂಡು ಲಂಡನ್ನಿಗೆ ಹೊರಟರೆ ಊರು ಸುಮ್ಮನಿರುತ್ತದೆಯೆ? ನಮ್ಮ ರೂಪನಗುಡಿಯಲ್ಲಿ ವಿಮಾನ ಹತ್ತುವುದಕ್ಕೆ ಮೂರು ಕಾರಣಗಳು ಮಾತ್ರ ಮಾನ್ಯ. ಹಜ್ ಯಾತ್ರೆ, ದುಬೈ ಕೆಲಸ, ಮಗಳ ಬಾಣಂತನ. ಚಹಾದಂಗಡಿಯಲ್ಲಿ ನನ್ನನ್ನು ಹಿಡಿದು ಕೂರಿಸಿ ಮೂರನ್ನೂ ಒಂದೊಂದಾಗಿ ಕೇಳಿದರು. ಯಾವುದೂ ಅಲ್ಲ, ಚಿತ್ರ ಬರೆಯಲು ಹೊರಟಿದ್ದೇವೆ ಎಂದೆ. ಅಂಗಡಿಯವನು ಸೋಸಣಿಗೆ ಝಾಡಿಸುತ್ತ, "ಯಾಕ್ರೀ ಸರ್, ಇಲ್ಲಿ ಗ್ವಾಡಿ ಇಲ್ಲೇನು?" ಅಂದ.

ಜೊತೆಗಾರರ ಹೆಸರು ಹೇಳಿದರೆ ನಾಳೆ ಅವರ ಮನೆಗಳಲ್ಲಿ ವಿಚಾರಣೆ ನಡೆಯುತ್ತದೆ, ಬೇಡ. ಹೇಳುವ ಅಗತ್ಯವೂ ಇಲ್ಲ. ಚಿತ್ರಕಲಾ ಶಾಲೆಯಲ್ಲಿ ನಮ್ಮ ಗುರುಗಳು ಯಾರ ಹೆಸರನ್ನೂ ನೆನಪಿಟ್ಟುಕೊಳ್ಳುವ ಗೊಡವೆಗೆ ಹೋದವರಲ್ಲ, ಊರಿನಿಂದಲೇ ಕೂಗುತ್ತಿದ್ದರು. "ಏ ಸಿರುಗುಪ್ಪ, ನೆರಳು ಎತ್ತಾಗ ಬಿದ್ದೈತಿ ನೋಡು." "ಕುರುಗೋಡು, ಪೆನ್ಸಿಲ್ ಕೆಳಗಿಡು, ಇನ್ನು ಉಜ್ಜಿದ್ರ ಕಾಗದ ತೂತು ಬೀಳ್ತೈತಿ." ಆ ಹೆಸರುಗಳೇ ನಮಗೆ ಇವತ್ತಿಗೂ ಉಳಿದಿವೆ. ಸಿರುಗುಪ್ಪ ನಾಲ್ಕೆಕರೆ ಗದ್ದೆಯ ಧಣಿ. ಭತ್ತದ ದರ ಏರಿದರೆ ಅವನ ಚಿತ್ರದಲ್ಲಿ ಹಸಿರು ಏರುತ್ತದೆ. ಕುರುಗೋಡು ಹುಟ್ಟಿ ಬೆಳೆದದ್ದು ದೊಡ್ಡಬಸಪ್ಪನ ಗುಡಿಯ ಓಣಿಯಲ್ಲಿ. ಏಕಶಿಲೆಯ ಆ ಬಸವಣ್ಣನನ್ನು ದಿನಾ ನೋಡಿಯೋ ಏನೋ, ಅಳತೆಯ ಹುಚ್ಚು ಹಿಡಿದವನು. ಬಳ್ಳಾರಿ ಹೇಳಿಕೇಳಿ ಸಿಟಿಯವನು, ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿ ಇಲ್ಲ. ಅವನ ಮಗ ಲಂಡನ್ನಿನ ಹೊರವಲಯದಲ್ಲಿ ಸಾಫ್ಟ್‌ವೇರ್ ಮಾಡುತ್ತಾನೆ. ನಮ್ಮ ಯಾತ್ರೆಗೆ ಆಧಾರ ಆ ಹುಡುಗನ ಎರಡು ಕೋಣೆಯ ಮನೆ. ಇವರೊಂದಿಗೆ ಸಿರುಗುಪ್ಪನ ಮನೆಯವರು, ಅಂದರೆ ನಮ್ಮ ಅತ್ತಿಗಿ. "ಇವರನ್ನ ಒಬ್ಬರನ್ನ ಕಳಿಸಿದ್ರ ಬೋರ್ಡಿಂಗ್ ಪಾಸಿನ ಹಿಂದನ ಚಿತ್ರ ಬರದು ಕೂಡ್ತಾರ" ಎಂದು ಹೊರಟವರು.

ಹುಡುಗ ನಮಗಾಗಿ ಮೇಣದ ಬೊಂಬೆ, ದೊಡ್ಡ ತಿರುಗಣೆ, ಅರಮನೆ ಎಲ್ಲ ಬುಕ್ ಮಾಡಿಟ್ಟಿದ್ದ. ನಡುವೆ ಒಂದು ದಿನ ಖಾಲಿ. ಅಂಗಡಿ ಸುತ್ತೋಣ ಅಂಕಲ್ ಎಂದ. ಆಗ ಕುರುಗೋಡು ನಕ್ಷೆಯ ಮೇಲೆ ಬೆರಳಿಟ್ಟು, "ಸೌತ್ ಕೆನ್ಸಿಂಗ್ಟನ್" ಎಂದ. ಮಾತಾಡುವುದೇ ಅಪರೂಪದ ಮನುಷ್ಯ. ಆಡಿದ ಮೇಲೆ ಯಾರೂ ಇಲ್ಲ ಅನ್ನುವ ಹಾಗಿಲ್ಲ.

ಆ ಹೆಸರು ಯಾಕೆ ಬಂತೆಂಬುದನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಎಂಬ ಪರೀಕ್ಷೆಗಳಿವೆಯಲ್ಲ, ಹೂಜಿಯೊಂದು, ಬಕೆಟ್ಟೊಂದು, ಅರ್ಧ ತೆರೆದ ಪುಸ್ತಕವೊಂದನ್ನು ಮುಂದಿಟ್ಟು ಮಕ್ಕಳ ಬೆವರಿಳಿಸುವುದು, ಅದರ ಮೂಲಪುರುಷರ ಠಾವು ಇದೇ. 1851ರಲ್ಲಿ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ಜಗತ್ತಿನ ಸರಕನ್ನೆಲ್ಲ ಪೇರಿಸಿ ಮಹಾ ಪ್ರದರ್ಶನ ಮಾಡಿದರು. ಇಂಗ್ಲೆಂಡಿನ ಯಂತ್ರ ಎಲ್ಲರಿಗಿಂತ ಮುಂದೆ, ಅದರಿಂದ ಹೊರಬಂದ ಸಾಮಾನಿನ ಅಂದ ಮಾತ್ರ ಅಷ್ಟಕ್ಕಷ್ಟೆ ಎಂದು ಅವರಿಗೇ ಅನ್ನಿಸಿತು. ಭಾರತದ ಬಟ್ಟೆ, ಕುಸುರಿ ಕೆಲಸ ಅವರ ಕಣ್ಣು ಕುಕ್ಕಿದ್ದೂ ಅಲ್ಲೇ. ಮರುವರ್ಷವೇ ಹೆನ್ರಿ ಕೋಲ್ ಎಂಬ ಚುರುಕು ಅಧಿಕಾರಿ ಒಂದು ಮ್ಯೂಸಿಯಂ ತೆರೆದ. 1857ಕ್ಕೆ ಅದು ಪ್ರದರ್ಶನದ ಲಾಭದಲ್ಲಿ ಕೊಂಡ ಸೌತ್ ಕೆನ್ಸಿಂಗ್ಟನ್ನಿನ ಜಾಗಕ್ಕೆ ಬಂತು. 1899ರಲ್ಲಿ ರಾಣಿ ವಿಕ್ಟೋರಿಯಾ ತನ್ನ ಮತ್ತು ಗಂಡನ ಹೆಸರು ಸೇರಿಸಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದಳು.

ಕೋಲ್ ಬರೀ ಕಟ್ಟಡ ಕಟ್ಟಿ ಸುಮ್ಮನಾಗಲಿಲ್ಲ. ರಿಚರ್ಡ್ ರೆಡ್‌ಗ್ರೇವ್ ಎಂಬ ಚಿತ್ರಕಾರನ ಜೊತೆ ಕೂತು ದೇಶಕ್ಕೆಲ್ಲ ಒಂದೇ ಡ್ರಾಯಿಂಗ್ ಪಾಠಕ್ರಮ ಹೊಸೆದ. 23 ಮೆಟ್ಟಿಲು. ಮೊದಲು ಸರಳರೇಖೆ, ಆಮೇಲೆ ಜ್ಯಾಮಿತಿ, ಅಚ್ಚಾದ ಚಿತ್ರದ ನಕಲು, ಪ್ಲಾಸ್ಟರ್ ಬೊಂಬೆಯ ನಕಲು, ನೆರಳು, ಹೀಗೆ ಮೆಟ್ಟಿಲು ಹತ್ತಿ ಹತ್ತಿ ಜೀವಂತ ಮನುಷ್ಯನ ಮುಖ ಕಾಣುವಷ್ಟರಲ್ಲಿ ಹುಡುಗನಿಗೆ ಮೀಸೆ ಬಂದಿರುತ್ತಿತ್ತು. ಈ ಪಾಠ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ಡಾಕ್ಟರು 1850ರಲ್ಲೇ ಕಲಾಶಾಲೆ ತೆರೆದಿದ್ದ, ಮುಂಬಯಿಯಲ್ಲಿ ಜೆ.ಜೆ. ಶಾಲೆ 1857ರದು. ಬಳ್ಳಾರಿ ಜಿಲ್ಲೆ 1800ರಿಂದ 1953ರ ಸೆಪ್ಟೆಂಬರ್ ಮುಗಿಯುವ ತನಕ ಮದರಾಸಿನ ಕೈಕೆಳಗೇ ಇತ್ತು. ಅಂದಮೇಲೆ ನಮ್ಮ ಕುಂಡಲಿಯಲ್ಲಿ ಹೂಜಿ ಬಂದು ಕೂತದ್ದರಲ್ಲಿ ಆಶ್ಚರ್ಯವೇನು? "ಜೀವಮಾನ ಪೂರ್ತಿ ಪ್ರಶ್ನೆಪತ್ರಿಕೆ ನೋಡೀವಿ. ತೆಗೆದವನ ಮನಿ ಒಮ್ಮೆ ನೋಡಬ್ಯಾಡವಾ?" ಎಂಬುದು ಕುರುಗೋಡಿನ ವಾದ.

ಸ್ಟೇಷನ್ನಿನಿಂದ ಮ್ಯೂಸಿಯಮ್ಮಿಗೆ ನೆಲದಡಿಯಲ್ಲೇ ಉದ್ದಾನುದ್ದ ಸುರಂಗದ ಹಾದಿ. ಮೇಲೆ ಮಳೆ ಬಂದರೂ ತಲೆ ನೆನೆಯುವುದಿಲ್ಲ. ಬಾಗಿಲಲ್ಲಿ ಟಿಕೆಟ್ ಎಲ್ಲಿ ಎಂದು ಬಳ್ಳಾರಿ ಹುಡುಕತೊಡಗಿದ. ಟಿಕೆಟ್ಟೇ ಇಲ್ಲ, ಪ್ರವೇಶ ಉಚಿತ. ಅವನ ಮುಖ ಸಪ್ಪಗಾಯಿತು. ಬಿಟ್ಟಿ ಸಿಕ್ಕಿದ್ದು ಚಲೋ ಇರುವುದಿಲ್ಲ ಎಂಬುದು ಅವನ ಸಿಟಿ ಸಿದ್ಧಾಂತ. ಚೀಲ ತಪಾಸಣೆಯಲ್ಲಿ ಅತ್ತಿಗಿಯ ಗಂಟು ಬಿಚ್ಚಿಸಿದರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ. ಕಾವಲಿನವನು ನಮ್ಮ ಕಡೆಯ ಮುಖದವನೇ, ಸಿಲ್ಹೆಟ್ಟಿನವನಂತೆ. ಡಬ್ಬಿ ಮುಚ್ಚಳ ತೆಗೆದು ಮೂಗಿಗೆ ಹಿಡಿದ, ಕಣ್ಣು ಮುಚ್ಚಿದ, ಮುಚ್ಚಳ ಹಾಕಿ ಎರಡೂ ಕೈಯಲ್ಲಿ ಅತ್ತಿಗಿಗೆ ಕೊಟ್ಟ. ಆ ಗೌರವ ನಮ್ಮ ಸ್ಕೆಚ್ ಬುಕ್ಕುಗಳಿಗೆ ಸಿಗಲಿಲ್ಲ. "ಪೆನ್ಸಿಲ್ ಮಾತ್ರ, ಇಂಕು ಬಣ್ಣ ಇಲ್ಲ" ಎಂದು ಗದರಿಸಿ ಬಿಟ್ಟ.

ಮೊದಲು ನೋಡಿದ್ದು ಟಿಪ್ಪುವಿನ ಹುಲಿ. ಕರ್ನಾಟಕದಿಂದ ಹೋದವರು ಬೇರೆ ಯಾವುದಕ್ಕೆ ಹೋಗುತ್ತಾರೆ? ಗಾಜಿನ ಪೆಟ್ಟಿಗೆಯೊಳಗೆ ಆರಡಿಗೆ ಚೂರು ಕಡಿಮೆ ಉದ್ದದ ಮರದ ಹುಲಿ, ಅದರ ಕೆಳಗೆ ಅಂಗಾತ ಬಿದ್ದ ದೊರೆ. 1793ರ ಹೊತ್ತಿಗೆ ಮಾಡಿಸಿದ್ದು ಎನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯ ಜೊತೆ ಹಡಗು ಹತ್ತಿತು. ಹುಲಿಯ ಹೊಟ್ಟೆಯಲ್ಲಿ 18 ಸ್ವರದ ಪುಟ್ಟ ಆರ್ಗನ್ನು. ಪಕ್ಕದ ಹಿಡಿಕೆ ತಿರುಗಿಸಿದರೆ ದೊರೆಯ ಕೈ ಮೇಲೆ ಕೆಳಗೆ ಆಡುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಡುತ್ತದೆ. ಮೊದಲು ಇದನ್ನು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಇಟ್ಟಿದ್ದರು, ಅದೂ ಗ್ರಂಥಾಲಯದ ಓದುಕೋಣೆಯಲ್ಲಿ. ಬಂದವರೆಲ್ಲ ಹಿಡಿಕೆ ತಿರುವುವವರೇ. ಪಕ್ಕದಲ್ಲಿ ಸಂಸ್ಕೃತ, ಪಾರಸಿ ಹಸ್ತಪ್ರತಿ ಬಿಡಿಸುತ್ತ ಕೂತ ಪಂಡಿತರು ಹುಚ್ಚು ಹಿಡಿದವರಂತಾಗಿ ದೂರಿನ ಮೇಲೆ ದೂರು ಕೊಟ್ಟರು. ಕಡೆಗೊಮ್ಮೆ ಹಿಡಿಕೆಯೇ ಕಾಣೆಯಾಯಿತು. ಯಾರು ಕದ್ದರೆಂದು ಬೇರೆ ತನಿಖೆ ಬೇಕೆ? ಪಂಡಿತರ ಕೋಪ ಯಾವ ದೇಶದಲ್ಲೂ ಒಂದೇ. ಸತ್ತ ಮೇಲೂ ಕಂಪನಿಯವರಿಗೆ ನೆಮ್ಮದಿಯಿಂದ ಓದಲು ಬಿಡದ ಸುಲ್ತಾನ ಇನ್ನೊಬ್ಬನಿರಲಿಕ್ಕಿಲ್ಲ.

ಹುಲಿಯನ್ನು ಕಂಡದ್ದೇ ಬಳ್ಳಾರಿಗೆ ಉಪನ್ಯಾಸ ಉಕ್ಕಿತು. ಟಿಪ್ಪುವಿನ ಅಪ್ಪ ಹೈದರಾಲಿ ಬಳ್ಳಾರಿ ಗುಡ್ಡದ ಕೋಟೆಯನ್ನು ಒಬ್ಬ ಫ್ರೆಂಚ್ ಎಂಜಿನಿಯರನಿಂದ ಕಟ್ಟಿಸಿದನಂತೆ. ಕಟ್ಟಿ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಅದಕ್ಕಿಂತ ಎತ್ತರ, ಅಲ್ಲಿಂದ ತೋಪು ಹಾರಿಸಿದರೆ ಕೋಟೆಯೊಳಗೇ ಬೀಳುತ್ತದೆ. ಹೈದರಾಲಿ ಎಂಜಿನಿಯರನನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ. ಬಳ್ಳಾರಿಯಲ್ಲಿ ಕೂಸುಗಳಿಗೂ ಗೊತ್ತಿರುವ ಕಥೆ. "ನಮ್ಮೂರಿಗೆ ಬಂದ ಫಾರಿನ್ನವರ ಕಥಿ ಅದು. ನೋಡು, ನಾವು ಫಾರಿನ್ನಿಗೆ ಬಂದ್ರ ಹೆಂಗ ಮರ್ಯಾದಿ" ಎಂದು ಮುಗಿಸಿದ. ಕುರುಗೋಡು ಹುಲಿಯಿಂದ ಕಣ್ಣು ತೆಗೆಯದೆ, "ಅಳತಿ ತಪ್ಪಿದ್ದಕ್ಕ ಗಲ್ಲು. ಸರಿ ಐತಿ" ಅಂದ.

ಅಲ್ಲಿಂದ ಪ್ಲಾಸ್ಟರ್ ಎರಕದ ಎರಡು ಮಹಾ ಹಜಾರಗಳಿಗೆ. 1873ರಲ್ಲಿ ತೆರೆದದ್ದು. ಯುರೋಪಿನ ಪ್ರಸಿದ್ಧ ಶಿಲ್ಪ, ಚರ್ಚಿನ ಬಾಗಿಲು, ಸಮಾಧಿ ಎಲ್ಲದರ ಅಚ್ಚು ತೆಗೆದು ಇಲ್ಲಿ ತಂದು ನಿಲ್ಲಿಸಿದ್ದಾರೆ. ಇಟಲಿಗೆ ಹೋಗಲು ಕಾಸಿಲ್ಲದ ಲಂಡನ್ನಿನ ಹುಡುಗರು ಇವುಗಳ ಮುಂದೆ ಕೂತು ಕಲಿಯಲಿ ಎಂದು. ರೋಮಿನ ಟ್ರೇಜನ್ ಸ್ತಂಭದ ಎರಕವಂತೂ ಚಾವಣಿಗೆ ಎತ್ತರವಾಯಿತೆಂದು ಎರಡು ತುಂಡಾಗಿ ಅಕ್ಕಪಕ್ಕ ನಿಂತಿದೆ. ಸಿರುಗುಪ್ಪ ಅದನ್ನು ನೋಡಿ ಬಹಳ ಸಮಾಧಾನಪಟ್ಟ. ಕಟ್ಟಿದ ಮೇಲೆ ಅಳೆಯುವ ರೂಢಿ ನಮ್ಮ ಕಡೆ ಮಾತ್ರ ಎಂದುಕೊಂಡಿದ್ದನಂತೆ.

ಇಲ್ಲಿರುವುದೆಲ್ಲ ನಕಲು. ಅಸಲು ಒಂದೂ ಇಲ್ಲ. ಆದರೂ ಜನ ತುದಿಗಾಲಲ್ಲಿ ನಡೆಯುತ್ತಾರೆ, ಪಿಸುಗುಟ್ಟುತ್ತಾರೆ. ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಕ್ಯಾಲೆಂಡರಿನ ಚಿತ್ರ ನೋಡಿ ಬರೆಸಿದರೆ, "ಸರ್ ಕಾಪಿ ಹೊಡೆಸ್ತಾರ" ಎಂದು ಹೆಡ್‌ಮಾಸ್ಟರಿಗೆ ಚಾಡಿ ಹೋಗುತ್ತಿತ್ತು. ಕಾಪಿ ಹೊಡೆಯುವುದಕ್ಕಾಗಿಯೇ ಒಂದು ಸಾಮ್ರಾಜ್ಯ ಇಷ್ಟೆತ್ತರದ ಹಜಾರ ಕಟ್ಟಿಸಿತ್ತೆಂದು ಆ ಚಾಡಿಕೋರನಿಗೆ ಯಾರು ಹೇಳಬೇಕು?

ಹಜಾರದ ದೊಡ್ಡ ಕುಳ ಮೈಕೆಲೆಂಜಲೋನ ಡೇವಿಡ್. ಅಸಲಿ ಮೂರ್ತಿ ಫ್ಲಾರೆನ್ಸಿನಲ್ಲಿದೆ, 1504ರಲ್ಲಿ ಮುಗಿದದ್ದು, 17 ಅಡಿ. ಇದು ಅದರ ಎರಕ. 1857ರಲ್ಲಿ ಟಸ್ಕನಿಯ ದೊರೆ ವಿಕ್ಟೋರಿಯಾ ರಾಣಿಗೆ ಉಡುಗೊರೆ ಕಳಿಸಿದ. ಮೈಮೇಲೆ ನೂಲಿಲ್ಲದ 17 ಅಡಿಯ ಗಂಡಸು ಬಂದು ನಿಂತಾಗ ರಾಣಿ ಏನು ಮಾಡಬೇಕು? ನೇರ ಮ್ಯೂಸಿಯಮ್ಮಿಗೆ ರವಾನಿಸಿದಳು. ಮ್ಯೂಸಿಯಮ್ಮಿನವರು ಅರ್ಧ ಮೀಟರಿನಷ್ಟು ಉದ್ದದ ಪ್ಲಾಸ್ಟರಿನ ಅಂಜೂರದ ಎಲೆ ಮಾಡಿಸಿದರು. ರಾಜಮನೆತನದ ಹೆಂಗಸರು ಬರುವ ಸುದ್ದಿ ಬಂದರೆ ಎರಡು ಕೊಕ್ಕೆಗೆ ಎಲೆ ತಗುಲಿಹಾಕುವುದು, ಅವರು ಹೋದ ಮೇಲೆ ತೆಗೆದಿಡುವುದು. ಆ ಎಲೆ ಈಗ ಮೂರ್ತಿಯ ಹಿಂದೆ ಬೇರೆ ಗಾಜಿನ ಪೆಟ್ಟಿಗೆಯಲ್ಲಿದೆ. ಡೇವಿಡ್‌ಗಿಂತ ಎಲೆಯ ಮುಂದೆಯೇ ಜನ ಹೆಚ್ಚು.

ಸಿರುಗುಪ್ಪ ಕೈಚೀಲ ಕೆಳಗಿಟ್ಟು ನಗತೊಡಗಿದವನು ನಿಲ್ಲಿಸಲೇ ಇಲ್ಲ. "ನಮ್ಮ ಬೆಳಗೊಳದಾಗ ಗೊಮ್ಮಟ ಸಾವಿರ ವರ್ಷದಿಂದ 58 ಅಡಿ ನಿಂತಾನ. ಎಷ್ಟು ರಾಣಿಯರು ಬಂದು ಕೈ ಮುಗಿದು ಹೋದರು. ಯಾರರ ಎಲಿ ಕೇಳಿದ್ರೇನಲೇ?" ಅಂದ. ಬಳ್ಳಾರಿ ತಕ್ಷಣ ತಿದ್ದಿದ, ಅಲ್ಲಿ ಬಳ್ಳಿ ಇದೆ ಎಂದು. ಇದೆ, ಇಲ್ಲವೆನ್ನುವುದಿಲ್ಲ. ಮಾಧವೀಲತೆ ಕಾಲಿಗೆ ಸುತ್ತಿದೆ, ತೊಡೆಗೆ ಸುತ್ತಿದೆ, ತೋಳಿಗೂ ಸುತ್ತಿದೆ. ಲಂಡನ್ನಿನ ಎಲೆ ಯಾವ ಕೆಲಸಕ್ಕೆ ಹುಟ್ಟಿತೋ ಅದೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಸುತ್ತಿದೆ. ಆ ಶಿಲ್ಪಿ ನಕ್ಕುಕೊಂಡೇ ಉಳಿ ಹಿಡಿದಿದ್ದನೇನೋ ಎಂದು ನನಗೆ ಅನುಮಾನ.

ಅಷ್ಟರಲ್ಲಿ ಕುರುಗೋಡು ಮಡಚುವ ಸ್ಟೂಲು ಸಂಪಾದಿಸಿ ಡೇವಿಡ್‌ನ ಎಡಗಾಲಿನ ಮುಂದೆ ಕೂತಾಗಿತ್ತು. ಒಂದು ಕಣ್ಣು ಮುಚ್ಚಿ, ತೋಳು ನೀಟಾಗಿ ಚಾಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸುತ್ತ ಅಳತೆ. ಹೆಬ್ಬೆರಳಿನ ಉಗುರು ಎಷ್ಟು, ಉಗುರಿನ ಎಷ್ಟು ಪಟ್ಟು ಪಾದ. ಮೊದಲ ಅರ್ಧ ಗಂಟೆ ಕಾಗದದ ಮೇಲೆ ಬಿದ್ದದ್ದು ಚುಕ್ಕೆಗಳು ಮಾತ್ರ. ನಾವು ಮೂವರೂ ಅಲ್ಲಲ್ಲಿ ಕೂತೆವು. ಸಿರುಗುಪ್ಪ ಡೇವಿಡ್‌ನ ಕೈ ಹಿಡಿದ, ಅದು ಮೈಗಿಂತ ದೊಡ್ಡದಾಗಿದೆಯೆಂದು ಗೊಣಗಿದ. ನಿಜವೂ ಹೌದು, ಕೈ ಮತ್ತು ತಲೆಯನ್ನು ಮೈಕೆಲೆಂಜಲೋ ಹಿಗ್ಗಿಸಿಯೇ ಮಾಡಿದ್ದಾನೆ. ಬಳ್ಳಾರಿ ಟ್ರೇಜನ್ ಸ್ತಂಭ ಶುರುಮಾಡಿ, ಅದರ ಮೇಲೆ ಸಾವಿರಾರು ಸೈನಿಕರಿರುವುದು ಕಂಡು, ಸ್ತಂಭದ ಪೀಠವಷ್ಟನ್ನೇ ಮುಗಿಸಿ ಎದ್ದ.

ಆಗ ಬಂದಳು ಆ ಹುಡುಗಿ. ಇಪ್ಪತ್ತರ ಆಸುಪಾಸು, ಕೂದಲಿಗೆ ನೀಲಿ ಬಣ್ಣ, ಕಲಾಶಾಲೆಯ ವಿದ್ಯಾರ್ಥಿನಿ. ಕುರುಗೋಡಿನ ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಇದ್ದಿಲ ಬಣ್ಣದ ದಪ್ಪ ಪೆನ್ಸಿಲ್ಲಿನಲ್ಲಿ ಸರ ಸರ ಎಳೆದಳು. ಐದು ನಿಮಿಷಕ್ಕೆ ಡೇವಿಡ್ ಪೂರ್ತಿ ಇಳಿದುಬಿಟ್ಟ. ಗೆರೆಯಲ್ಲಿ ಜೀವ ಇತ್ತು, ಸುಳ್ಳು ಹೇಳಬಾರದು. ಆದರೆ ತಲೆ ಒಂದು ಕಡೆ, ಕಾಲು ಒಂದು ಕಡೆ. ಪಾಪ, ಆ ಕಾಲ ಮೇಲೆ ಆ ಮನುಷ್ಯ ನಿಂತರೆ ನೇರ ನೆಲದ ಮೇಲೆ ಬೀಳುತ್ತಾನೆ. ಕುರುಗೋಡು ಓರೆಗಣ್ಣಲ್ಲಿ ನೋಡಿದ. ತಿರುಗಿ ತನ್ನ ಚುಕ್ಕೆಗೆ ಹೋದ. ಮತ್ತೆ ನೋಡಿದ. ಮೂವತ್ತು ವರ್ಷದ ಮಾಸ್ತರಿಕೆ ಕೈಯಲ್ಲಿ ತುರಿಸುತ್ತಿತ್ತು. ನಾನು ಬೇಡವೆಂದು ಕಣ್ಸನ್ನೆ ಮಾಡುವಷ್ಟರಲ್ಲಿ ಕೈ ಚಾಚಿ ಆ ಹುಡುಗಿಯ ಕೈಯಿಂದ ಪೆನ್ಸಿಲ್ ತೆಗೆದುಕೊಂಡೇಬಿಟ್ಟ.

ಪರದೇಶ. ಪೊಲೀಸರು ಬರುತ್ತಾರೆಂದು ಬಳ್ಳಾರಿ ಕಂಬದ ಮರೆಗೆ ಸರಿದ.

ಕುರುಗೋಡು ತನ್ನ ಜೇಬಿನಿಂದ ದಾರ ತೆಗೆದ. ದಾರದ ತುದಿಗೆ ಅತ್ತಿಗಿಯ ಗಂಟಿನ ಬೀಗದ ಕೈ ಕಟ್ಟಿ ಡೇವಿಡ್‌ಗೆ ಎದುರಾಗಿ ಇಳಿಬಿಟ್ಟ. ಅದಕ್ಕೆ ನಮ್ಮ ಗೌಂಡಿಗಳು ತೂಕಗುಂಡು ಅನ್ನುತ್ತಾರೆ. "ಲೈನ್. ನೆಕ್, ದಿಸ್ ಲೈನ್, ಫೂಟ್" ಎಂದ. ಹುಡುಗಿ ಕಣ್ಣು ಕಿರಿದು ಮಾಡಿ ದಾರದ ಗುಂಟ ನೋಡಿದಳು. ಗಂಟಲ ಕುಳಿಯಿಂದ ಇಳಿದ ಗೆರೆ ಭಾರ ಹೊತ್ತ ಕಾಲಿನ ಹಿಮ್ಮಡಿಯ ಹತ್ತಿರ ಬರಬೇಕು; ಅವಳ ಚಿತ್ರದಲ್ಲಿ ಗೇಣು ಆಚೆ ಹೋಗಿತ್ತು. "ಓ" ಅಂದಳು. ಇವನು ಹಗುರಾಗಿ ಒಂದು ಉದ್ದ ಗೆರೆ ಎಳೆದು ಪೆನ್ಸಿಲ್ ವಾಪಸು ಕೊಟ್ಟ. ಅವಳು ಹೊಸ ಹಾಳೆ ತಿರುವಿ ಮತ್ತೆ ಬರೆದಳು. ಈ ಸಲ ಡೇವಿಡ್ ಕಾಲೂರಿ ನಿಂತ. ದಾರವನ್ನು ಇಟ್ಟುಕೊಳ್ಳಲೇ ಎಂದು ಕೇಳಿದಳು. ತನ್ನ ಕಾಲೇಜಿನಲ್ಲಿ ಇದನ್ನೆಲ್ಲ ಯಾರೂ ಹೇಳಿಕೊಡುವುದಿಲ್ಲ, ನಿಮ್ಮ ಮನಸ್ಸಿಗೆ ಬಂದದ್ದು ಬರೆಯಿರಿ ಎನ್ನುತ್ತಾರೆ, ನೀವು ಎಲ್ಲಿ ಕಲಿತಿರಿ ಎಂದಳು. ಕುರುಗೋಡಿಗೆ ಇಂಗ್ಲಿಷು ಮುಗಿದಿತ್ತು. ನೆಲದ ಕಡೆ ಬೆರಳು ತೋರಿಸಿ, "ಹಿಯರ್" ಅಂದ.

ಹುಡುಗಿಗೆ ಅರ್ಥವಾಗಲಿಲ್ಲ. ನಮಗೆ ಆಯಿತು. ಪ್ರಶ್ನೆಪತ್ರಿಕೆ ತೆಗೆದವನು ಪಾಠ ಮರೆತು ಯಾವುದೋ ಕಾಲವಾಗಿದೆ. ಅವನ ಕೈಬರಹದ ಸಿಲೆಬಸ್ಸನ್ನು ನಮ್ಮ ಕುರುಗೋಡಿನ ಹೈಸ್ಕೂಲಿನಲ್ಲಿ ಕಾಪಾಡಿಕೊಂಡು ಬಂದಿದ್ದೇವೆ.

ಊಟಕ್ಕೆ ಅಂಗಳಕ್ಕೆ ಬಂದೆವು. ಒಳಗೆ ಹಳೆಯ ಕಾಲದ ಚೆಂದದ ಹೋಟೆಲಿದೆ. ಮ್ಯೂಸಿಯಮ್ಮಿನೊಳಗೆ ಹೋಟೆಲು ಎಂಬ ಪದ್ಧತಿ ಜಗತ್ತಿನಲ್ಲಿ ಶುರುವಾದದ್ದೇ ಇಲ್ಲಿಂದಂತೆ. ಚಹಾದ ಬೆಲೆಯನ್ನು ಬಳ್ಳಾರಿ ರೂಪಾಯಿಗೆ ಗುಣಿಸಿದ, ಎಲ್ಲರೂ ನೀರು ಕುಡಿದೆವು. ಮಳೆ ನಿಂತಿತ್ತು. ರೊಟ್ಟಿ ಮುರಿಯುತ್ತ ಜಗಳ ಹತ್ತಿತು. ಸಿರುಗುಪ್ಪನದು ಒಂದು ವಾದ: ಅವರೇ ಬಿಟ್ಟು ತಲೆಮಾರುಗಳಾದವು, ನಾವು ಮಾತ್ರ ಇನ್ನೂ ಹೂಜಿ ತಿದ್ದಿಸುತ್ತ ಕೂತಿದ್ದೇವೆ, ನಾಚಿಕೆ. ಕುರುಗೋಡಿನದು ಇನ್ನೊಂದು: ಅವರು ಬಿಟ್ಟದ್ದಕ್ಕೇ ಆ ಹುಡುಗಿಯ ಡೇವಿಡ್ ಬೀಳುತ್ತಿದ್ದ. ಬಳ್ಳಾರಿ ಇಬ್ಬರನ್ನೂ ತಳ್ಳಿಹಾಕಿ ತನ್ನೂರ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡಕ್ಕೆ ಹೋದ. ನಾಲ್ಕು ಸಾವಿರ ವರ್ಷದ ಹಿಂದೆ ಕಪ್ಪು ಬಂಡೆಯ ಮೇಲೆ ಕುಟ್ಟಿ ಕುಟ್ಟಿ ಗೂಳಿ ಬರೆದವರು ಯಾವ ಮೆಟ್ಟಿಲು ಹತ್ತಿದ್ದರು, ಯಾವ ಲೋಯರ್ ಪಾಸಾಗಿದ್ದರು ಎಂದ. ಕೆಲವು ಚಿತ್ರಗಳಿರುವ ಜಾಗದಲ್ಲಿ ಮನುಷ್ಯ ಜೋತಾಡಿಕೊಂಡೇ ಕುಟ್ಟಿರಬೇಕು. ಅಲ್ಲಿ ತೂಕಗುಂಡು ಹಿಡಿಯುವವರು ಯಾರು? ಮಾತು ಒಪ್ಪುವಂಥದೇ. ಅಲ್ಲಿನ ಕೆಲವು ಬಂಡೆಗಳನ್ನು ಬಡಿದರೆ ಜಾಗಟೆಯ ನಾದ ಬರುತ್ತದೆ. ಆ ಕಾಲದವರು ಚಿತ್ರದ ಜೊತೆಗೆ ಸಂಗೀತದ ಪೀರಿಯಡ್ಡನ್ನೂ ನಡೆಸುತ್ತಿದ್ದರೇನೋ. 1892ರಲ್ಲಿ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಆ ಚಿತ್ರಗಳ ಬಗ್ಗೆ ಲಂಡನ್ನಿಗೆ ಬರೆದು ತಿಳಿಸಿದ. ಬಳ್ಳಾರಿಯ ನಮಗೆ ಅದರ ಸುದ್ದಿ ಸುತ್ತಿಕೊಂಡು ಬಂದು ಮುಟ್ಟಿತು.

ಜಗಳ ಮುಗಿಸಿದ್ದು ಅತ್ತಿಗಿ. "ಅಳತಿ ಇರಲಿ. ಹೂಜಿ ಬದಲು ಮಾಡ್ರಿ. ಈಗ ಯಾರ ಮನ್ಯಾಗ ಹೂಜಿ ಐತಿ? ಹುಡುಗರು ಹೂಜಿ ಅಂದ್ರ ಡ್ರಾಯಿಂಗ್ ಪರೀಕ್ಷಿಗೆ ಮಾಡಿದ ಸಾಮಾನು ಅಂತ ತಿಳಕೊಂಡಾವು."

ಕೈ ತೊಳೆಯಲು ಹೋದಾಗ ಅಂಗಳದ ಗೋಡೆಯಲ್ಲಿ ಸಣ್ಣ ಫಲಕ ಕಂಡಿತು. ಹೆನ್ರಿ ಕೋಲನ ನಾಯಿ ಜಿಮ್, 1879ರಲ್ಲಿ ತೀರಿಕೊಂಡದ್ದು. ಪಕ್ಕದಲ್ಲಿ ಅವನ ಮಗನ ನಾಯಿಯದು ಇನ್ನೊಂದು. ದೇಶಕ್ಕೆ ಡ್ರಾಯಿಂಗ್ ಕಲಿಸಿದವನು ನಾಯಿಯನ್ನೂ ಜೊತೆಯಲ್ಲಿ ಕರೆತರುತ್ತಿದ್ದ. ಬಳ್ಳಾರಿ ಮೂಗು ಮುರಿದ. ಮುರಿಯಬೇಕಾದ್ದಿಲ್ಲ. ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲೇ ನಾವು ಕಾಳಿ ಎಂಬ ನಾಯಿಗೆ ಕಲ್ಲು ನೆಟ್ಟವರು. ಹಂದಿಯ ಜೊತೆ ಕಾದಾಡಿ ಸತ್ತ ನಾಯಿ ಅದು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಕೋಲನ ಜಿಮ್ ಏನು ಕಾದಾಡಿತೋ ಫಲಕದಲ್ಲಿ ಬರೆದಿಲ್ಲ.

ಮಧ್ಯಾಹ್ನದ ಮೇಲೆ ರಫೇಲನ ದೊಡ್ಡ ಚಿತ್ರಗಳಿರುವ ಕೋಣೆಯಲ್ಲಿ ಎಲ್ಲರಿಗೂ ನಿದ್ದೆ ಬಂತು, ಅದರ ಬಗ್ಗೆ ಹೆಚ್ಚು ಹೇಳಲಾರೆ. ನಿದ್ದೆ ಹಾರಿದ್ದು ಅರ್ದಬೀಲ್ ಜಮಖಾನದ ಮುಂದೆ. ಇರಾನಿನದು, 1539–40ರಲ್ಲಿ ನೇಯ್ದದ್ದು, ಹತ್ತೂವರೆ ಮೀಟರ್ ಉದ್ದ. ನೆಲದ ಮೇಲೆ ಹಾಸಿ ಸುತ್ತ ಗಾಜು ಕಟ್ಟಿದ್ದಾರೆ. ಒಳಗೆ ಕತ್ತಲು. ಬಣ್ಣ ಮಾಸಬಾರದೆಂದು ಗಂಟೆಗೊಮ್ಮೆ, ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ನಾವು ಹೋದದ್ದು ಸರಿಯಾಗಿ ದೀಪ ಆರಿದ ಹೊತ್ತಿಗೆ. ಬೇರೆಯವರು ಗೊಣಗಿದರು, ಸಿರುಗುಪ್ಪನಿಗೆ ಏನೂ ಅನ್ನಿಸಲಿಲ್ಲ. ಪಂಪ್‌ಸೆಟ್ಟಿನ ತ್ರೀಫೇಸಿಗೆ ರಾತ್ರಿಯೆಲ್ಲ ಗದ್ದೆ ಬದುವಿನ ಮೇಲೆ ಕಾದು ಕೂತವನಿಗೆ ಇಪ್ಪತ್ತು ನಿಮಿಷ ಯಾವ ಲೆಕ್ಕ?

ದೀಪ ಬಂತು. ಕಡುನೀಲಿಯ ನೆಲ, ನಡುವೆ ಹಳದಿಯ ದೊಡ್ಡ ಹೂಪದಕ, ಅದರ ಎರಡು ತುದಿಗೆ ತೂಗುದೀಪಗಳು. ನಾವು ಗಡಬಡಿಸಿ ಗೆರೆ ಎಳೆಯತೊಡಗಿದೆವು. ಅತ್ತಿಗಿಗೆ ಬರೆಯುವ ಗೊಡವೆ ಇಲ್ಲ. ಗಾಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ಎರಡು ಮಾತು ಹೇಳಿದರು. ಒಂದು, ಎರಡು ದೀಪ ಒಂದೇ ಅಳತೆ ಇಲ್ಲ, ಒಂದು ಸಣ್ಣದು. ಇನ್ನೊಂದು, ಈ ಅಂಚು ಇದರದಲ್ಲ, ಬೇರೆ ಕಡೆಯದು ತಂದು ಹಚ್ಚಿದ್ದಾರೆ. ಕುರುಗೋಡು ದೀಪಗಳನ್ನು ಪೆನ್ಸಿಲ್ಲಿನಿಂದ ಅಳೆದ, ಹೌದು, ಸಣ್ಣದು. ಅಂಚಿನ ಮಾತನ್ನು ಯಾರೂ ನಂಬಲಿಲ್ಲ. ಫಲಕ ಓದಿದ ಮೇಲೆ ನಂಬಿದೆವು. ಇಂಥ ಜಮಖಾನಗಳು ಎರಡಿದ್ದವು. ಒಂದು ಸವೆದಾಗ ಇನ್ನೊಂದರ ಅಂಚು ಕತ್ತರಿಸಿ ಇದಕ್ಕೆ ಜೋಡಿಸಿ ರಿಪೇರಿ ಮಾಡಿದ್ದಾರೆ. 1893ರಲ್ಲಿ ವಿಲಿಯಂ ಮಾರಿಸ್ ಎಂಬ ದೊಡ್ಡ ವಿನ್ಯಾಸಕಾರ ಪರೀಕ್ಷಿಸಿ ಕೊಳ್ಳಿರಿ ಎಂದ ಮೇಲೆ 2,000 ಪೌಂಡಿಗೆ ಕೊಂಡರು. ಅಂಚು ಕಳಕೊಂಡ ಜೋಡಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿದೆ. ಹೇಗೆ ಗೊತ್ತಾಯಿತೆಂದು ಕೇಳಿದರೆ ಅತ್ತಿಗಿ, "ಕೌದಿ ಹೊಲಿಯೋರಿಗೆ ಹಚ್ಚಿದ್ದು ಯಾವುದು, ಇದ್ದದ್ದು ಯಾವುದು ಗೊತ್ತಾಗದೇನ್ರೀ?" ಎಂದರು. ಲೋಯರ್, ಹೈಯರ್ ಎರಡೂ ಫಸ್ಟ್ ಕ್ಲಾಸಿನಲ್ಲಿ ಪಾಸಾದ ನಾಲ್ವರು ಸುಮ್ಮನೆ ಸ್ಕೆಚ್ ಬುಕ್ಕು ಮುಚ್ಚಿದೆವು. ದೀಪವೂ ಆರಿತು.

ಜಮಖಾನದ ಒಂದು ತುದಿಯಲ್ಲಿ ಎರಡು ಸಾಲು ಕವಿತೆ, ಕೆಳಗೆ ಕಾಶಾನಿನ ಮಕ್ಸೂದ್ ಎಂಬ ಹೆಸರು, ಇಸವಿ. ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮ ತನ್ನ ಮೂರ್ತಿಗಳ ಕೆಳಗೆ ಹೆಸರು ಕೊರೆದಂತೆ. ಕೆಲಸ ಮಾಡಿದವನ ಹೆಸರು ಉಳಿಯುವುದು ಕಂಡರೆ ಡ್ರಾಯಿಂಗ್ ಮೇಷ್ಟ್ರಿಗೆ ಆಗುವ ಸಂತೋಷ ಬೇರೆಯವರಿಗೆ ತಿಳಿಯುವುದಿಲ್ಲ. ನಮ್ಮ ಸನ್ಮಾನಪತ್ರಗಳಲ್ಲಿ ಸನ್ಮಾನಿತರ ಹೆಸರಿದೆ, ಸನ್ಮಾನಿಸಿದವರ ಹೆಸರಿದೆ, ಪ್ರೆಸ್ಸಿನ ಹೆಸರೂ ಇದೆ.

ಇನ್ನು ನೀವು ಹೋಗುವವರಿದ್ದರೆ ಕೇಳಿ. ಪ್ರವೇಶಕ್ಕೆ ದುಡ್ಡಿಲ್ಲ, ಶುಕ್ರವಾರ ರಾತ್ರಿ ಹತ್ತರ ತನಕ ಬಾಗಿಲು ತೆರೆದಿರುತ್ತದೆ. ಪೆನ್ಸಿಲ್ ಒಯ್ಯಿರಿ, ತೂಕ ಕಟ್ಟಿದ ದಾರವೊಂದು ಜೇಬಿನಲ್ಲಿರಲಿ, ಯಾರಾದರೂ ಕೇಳಿದರೆ ಕೊಟ್ಟು ಬನ್ನಿ. ಜಮಖಾನದ ಮುಂದೆ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ನಿಲ್ಲಿ. ಕೌದಿ ಹೊಲಿಯಲು ಬರುವವರು ಮನೆಯಲ್ಲಿದ್ದರೆ ಅವರನ್ನು ಬಿಟ್ಟು ಹೋಗಬೇಡಿ.